ಬಿಸಿನೀರು, ತಣ್ಣೀರು ಪಂದ್ಯ: ಗೆದ್ದಿದ್ದು ಬೀಕರ್

ಎರಡೂ ಬೀಕರ್‌ಗೆ ಒಂದೇ ಪಾತ್ರೆಯ ನೀರು. ಎರಡೂ 25 ಡಿಗ್ರಿ, ಎರಡೂ 70 ಎಂಎಲ್, ಫ್ರೀಜರ್‌ನಲ್ಲಿ ಅಕ್ಕಪಕ್ಕ ಒಂದೇ ಥರ್ಮೋಕೋಲ್ ಹಾಳೆಯ ಮೇಲೆ. ಪಂದ್ಯವೇ ಇಲ್ಲ, ಸುಮ್ನೆ ಸೆಟಪ್ ಸರಿಯಿದೆಯಾ ಅಂತ ನೋಡುವ ಪರೀಕ್ಷೆ. ಉಷ್ಣತೆಯ ಗ್ರಾಫ್‌ನ ಎರಡು ಗೆರೆ ಒಂದರ ಮೇಲೊಂದು ಕೂರಬೇಕಿತ್ತು. ಸೊನ್ನೆ ಡಿಗ್ರಿವರೆಗೆ ಕೂತವು ಕೂಡ. ಆಮೇಲೆ ಕೆಂಪು ಚುಕ್ಕೆಯ ಬೀಕರ್ ಐಸ್ ಆಗಲು ಶುರುಮಾಡಿತು. ನೀಲಿ ಚುಕ್ಕೆಯದು ಹೆಚ್ಚುಕಡಿಮೆ ಇನ್ನೊಂದು ಗಂಟೆ ನೀರಾಗಿಯೇ ಕೂತಿತ್ತು.

ಈ ಒಂದು ಗ್ರಾಫ್ ಇಡೀ ಪ್ರಾಜೆಕ್ಟನ್ನು ತಲೆಕೆಳಗು ಮಾಡಿದೆ. ಬಿಸಿನೀರು ತಣ್ಣೀರಿಗಿಂತ ಬೇಗ ಐಸ್ ಆಗುತ್ತದಾ ಅಂತ ಪತ್ತೆಮಾಡಲು ಹೊರಟಿದ್ದೆ. ಅಲ್ಲಿವರೆಗಿನ ಫಲಿತಾಂಶ "ಹೌದು, ಆಗುತ್ತೆ" ಅಂತ ಜೋರಾಗಿಯೇ ಹೇಳುತ್ತಿತ್ತು. ಕೆಂಪು ಚುಕ್ಕೆಯದಕ್ಕೆ ಬಿಸಿನೀರು, ನೀಲಿಯದಕ್ಕೆ ತಣ್ಣೀರು ಅನ್ನುವುದು ಮೊದಲ ಹಂತದ ಏರ್ಪಾಡು. ಅದರಲ್ಲಿ ಬಿಸಿನೀರು ಸಾಲಾಗಿ ಗೆದ್ದಿತ್ತು. ಮನೆಮಂದಿಗೆಲ್ಲ ಗ್ರಾಫ್ ತೋರಿಸಿ ಆಗಿತ್ತು. ಅಮ್ಮ ಮಾತ್ರ "ನೀರು ಗಟ್ಟಿಯಾಗೋದನ್ನ ನೋಡೋಕೆ ಇಷ್ಟೊಂದು ವೈರಾ?" ಅಂದು ತೆಂಗಿನತುರಿ ಡಬ್ಬಿಗೆ ಫ್ರೀಜರ್‌ನಲ್ಲಿ ಜಾಗ ಯಾವಾಗ ಸಿಗುತ್ತೆ ಅಂತ ಕೇಳಿದ್ದರು.

ಬಿಸಿನೀರಿನ ಈ ಪ್ರಶ್ನೆ ಎತ್ತಿದ ಎಂಪೆಂಬಾನ ಕಥೆ ನಿಮಗೆ ಗೊತ್ತಿರುತ್ತದೆ, ಆದರೂ ಎರಡು ಮಾತು. 1963ರಲ್ಲಿ ಈಗಿನ ತಾಂಜಾನಿಯಾದ ಮಗಾಂಬಾ ಶಾಲೆಯ ಹುಡುಗ ಎರಾಸ್ಟೊ ಎಂಪೆಂಬಾ ಐಸ್‌ಕ್ರೀಮ್ ಮಾಡಲು ಹಾಲು ಕಾಯಿಸಿದ. ಫ್ರೀಜರ್‌ನಲ್ಲಿ ಜಾಗ ತುಂಬಿಹೋಗುತ್ತದೆ ಅಂತ ಆರಿಸದೆ ಬಿಸಿಬಿಸಿಯಾಗಿಯೇ ಇಟ್ಟುಬಿಟ್ಟ. ಅವನದೇ ಮೊದಲು ಗಟ್ಟಿಯಾಯಿತು. ಆಮೇಲೆ ಇರಿಂಗಾದ ಹೈಸ್ಕೂಲಿನಲ್ಲಿ ಇದರ ಬಗ್ಗೆ ಮೇಷ್ಟ್ರನ್ನು ಕೇಳಿದರೆ, ಇದು ಎಂಪೆಂಬಾನ ಭೌತಶಾಸ್ತ್ರ, ಲೋಕದ್ದಲ್ಲ ಅಂತ ಗೇಲಿ ಮಾಡಿದರು. ದಾರ್ ಎಸ್ ಸಲಾಮ್‌ನಿಂದ ಉಪನ್ಯಾಸಕ್ಕೆ ಬಂದಿದ್ದ ಡೆನಿಸ್ ಆಸ್ಬಾರ್ನ್ ಎಂಬ ಪ್ರೊಫೆಸರ್ ಎದುರು ಹುಡುಗ ಅದೇ ಪ್ರಶ್ನೆ ಇಟ್ಟ. ಉಳಿದವರು ನಕ್ಕರು. ಆಸ್ಬಾರ್ನ್ ನಗಲಿಲ್ಲ, ವಾಪಸ್ ಹೋಗಿ ಟೆಕ್ನಿಶಿಯನ್ ಕೈಲಿ ಪ್ರಯೋಗ ಮಾಡಿಸಿದರು. ಆ ಟೆಕ್ನಿಶಿಯನ್ ಬಂದು ಬಿಸಿನೀರೇ ಮೊದಲು ಐಸ್ ಆಯಿತು ಅಂತ ವರದಿ ಕೊಟ್ಟು, "ಸರಿಯಾದ ಉತ್ತರ ಬರುವವರೆಗೂ ಮತ್ತೆ ಮತ್ತೆ ಮಾಡುತ್ತೇವೆ" ಅನ್ನುವ ಅರ್ಥದ ಮಾತಾಡಿದನಂತೆ. ನನಗೆ ಈ ಇಡೀ ಕಥೆಯಲ್ಲಿ ಅವನ ಮೇಲೇ ಪ್ರೀತಿ ಜಾಸ್ತಿ. 1969ರಲ್ಲಿ ಎಂಪೆಂಬಾ ಮತ್ತು ಆಸ್ಬಾರ್ನ್ ಇಬ್ಬರೂ ಸೇರಿ ಲೇಖನ ಪ್ರಕಟಿಸಿದರು. ಅವರು ಬಳಸಿದ್ದು 100 ಎಂಎಲ್ ಬೀಕರ್, 70 ಎಂಎಲ್ ನೀರು, ಕೆಳಗೆ ಥರ್ಮೋಕೋಲ್, ಮನೆಬಳಕೆಯ ಫ್ರಿಜ್. ನಾನು ಅದನ್ನೇ ನಕಲು ಹೊಡೆದೆ.

ಸರ್ಕ್ಯೂಟ್ ಬಗ್ಗೆ ಬರೆಯುವುದಿಲ್ಲ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್, 4.7 ಕಿಲೋ ಓಮ್ ಪುಲ್-ಅಪ್ ರೆಸಿಸ್ಟರ್, ಇದನ್ನೆಲ್ಲ ನಿದ್ದೆಯಲ್ಲೂ ಕೂಡಿಸುವವರೇ ಇದನ್ನು ಓದುತ್ತಿರುವುದು. ಎರಡು ವಿಷಯ ಮಾತ್ರ ಹೇಳಬೇಕು. ಒಂದು, ಫ್ರಿಜ್ ಬಾಗಿಲಿನ ರಬ್ಬರ್ ಸಂದಿಯಲ್ಲಿ ಮಾಮೂಲಿ ವೈರ್ ತಂದರೆ ಗಾಳಿ ನುಗ್ಗಿ ಅಲ್ಲೊಂದು ಹಿಮಾಲಯ ಬೆಳೆಯುತ್ತದೆ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಾಮ್ರದ ತಂತಿ ಕೂದಲಿನಷ್ಟು ತೆಳು, ರಬ್ಬರ್‌ಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಅಂಗಡಿಯವರು ತುಂಡು ತಂತಿಗೆ ದುಡ್ಡೂ ತಗೊಳ್ಳಲಿಲ್ಲ. ಈ ಪ್ರಾಜೆಕ್ಟಿನಲ್ಲಿ ನನ್ನ ಜೊತೆ ಮರ್ಯಾದೆಯಾಗಿ ನಡೆದುಕೊಂಡ ಏಕೈಕ ಸಪ್ಲೈಯರ್ ಅವರೇ.

ಎರಡನೆಯದು ಆ 85. ಡಿಎಸ್18ಬಿ20ಗೆ ಕರೆಂಟ್ ತಪ್ಪಿ ಮತ್ತೆ ಬಂದರೆ, ಅಳತೆ ಮುಗಿಯುವ ಮೊದಲು ಕೇಳಿದರೆ, ಅದು 85 ಡಿಗ್ರಿ ಅನ್ನುತ್ತದೆ. ಬೇರೆ ಯಾವ ಪ್ರಾಜೆಕ್ಟಿನಲ್ಲಾದರೂ 85 ಕಂಡರೆ ನಕ್ಕು ಆ ಸಾಲು ಅಳಿಸಿ ಹಾಕಬಹುದು. ಇಲ್ಲಿ 85 ಡಿಗ್ರಿಯ ನೀರೇ ಬೀಕರ್‌ನಲ್ಲಿದೆ! ನಿಜದ 85 ಯಾವುದು, ಸೆನ್ಸರ್‌ನ ಕಳ್ಳ 85 ಯಾವುದು ಅಂತ ಹೇಗೆ ಹೇಳುವುದು? ಕೊನೆಗೆ ಶುರುವಿನ ಉಷ್ಣತೆಯನ್ನು 80ಕ್ಕೆ ಇಳಿಸಿದೆ. ಸೆನ್ಸರ್ ಕಿತ್ತುಹೋದರೆ ಬರುವ −127 ಎಷ್ಟೋ ವಾಸಿ, ಅದನ್ನು ಯಾರೂ ನಂಬುವುದಿಲ್ಲ.

ಸೆನ್ಸರ್ ಕೊಂಡ ಕಥೆ ಬೇರೆ. ಆನ್‌ಲೈನ್‌ನಲ್ಲಿ "ನೂರಕ್ಕೆ ನೂರು ಒರಿಜಿನಲ್" ಅಂತ ಬಂದವನ್ನು ಪುಡಿ ಐಸ್ ಮತ್ತು ನೀರಿನ ಗಂಜಿಯಲ್ಲಿ ಅದ್ದಿದರೆ ಒಂದು ಸೊನ್ನೆ ತೋರಿಸಿತು, ಇನ್ನೊಂದು ಸೊನ್ನೆಯಿಂದ ಮುಕ್ಕಾಲು ಡಿಗ್ರಿ ಆಚೆ ನಿಂತಿತು. ತಯಾರಕರ ವಿವರಪಟ್ಟಿ (ಡೇಟಾಶೀಟ್) ಹೇಳುವುದು ತಪ್ಪು ಅರ್ಧ ಡಿಗ್ರಿ ಒಳಗೆ ಅಂತ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ ಹೊಸದು ಕೇಳಿದಾಗ ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಬೇಕಾ ಅಂತ ಮುಖಕ್ಕೇ ಕೇಳಿದರು. ಪ್ರಾಮಾಣಿಕತೆ ಮೆಚ್ಚಿ ಒರಿಜಿನಲ್ ತಂದೆ. ಮನೆಗೆ ಬಂದು ನೋಡಿದರೆ ಅದೂ ಅದೇ ಜಾತಿ. ಹಾಗಾಗಿ ಎಲ್ಲ ಸೆನ್ಸರ್‌ಗೂ ಐಸ್ ಗಂಜಿಯಲ್ಲಿ ಒಂದು ಬಿಂದು, ಕುದಿಯುವ ನೀರಿನಲ್ಲಿ ಇನ್ನೊಂದು ಬಿಂದು ಹಿಡಿದು ಕೋಡ್‌ನಲ್ಲಿ ತಿದ್ದಿದ್ದೇನೆ. ಬೆಂಗಳೂರಿನವರಿಗೆ ಒಂದು ನೆನಪು: ನಾವಿರುವುದು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯುವುದು ಸುಮಾರು 97ಕ್ಕೆ, 100ಕ್ಕಲ್ಲ.

ಬೀಕರ್‌ಗಳೂ ಅಷ್ಟೇ. ಒಂದೇ ಸೆಟ್ ಅಂತ ತರಿಸಿದ್ದು. ಒಂದರ ತಳ ದಪ್ಪ, ಒಂದರ ಮೂತಿ ಸೊಟ್ಟ, ಒಂದರ ಗಾಜಿನಲ್ಲಿ ಗುಳ್ಳೆ. ತೂಕ ಮಾಡಿ ಹತ್ತಿರ ಹತ್ತಿರ ಇದ್ದ ಎರಡನ್ನು ಆರಿಸಿ, ನೇಲ್ ಪಾಲಿಶ್‌ನಲ್ಲಿ ಕೆಂಪು, ನೀಲಿ ಚುಕ್ಕೆ ಇಟ್ಟೆ.

ಈಗ ಅಸಲು ತಲೆನೋವಿಗೆ ಬರೋಣ.

ಲೆಕ್ಕ ಮೊದಲು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಇಳಿಸಲು ಒಂದು ಕ್ಯಾಲೊರಿ ತೆಗೆಯಬೇಕು. ಸೊನ್ನೆಯಲ್ಲಿರುವ ನೀರನ್ನು ಐಸ್ ಮಾಡಲು ಇನ್ನೂ 80. ಅಂದರೆ 80 ಡಿಗ್ರಿಯ ನೀರಿನಿಂದ ಒಟ್ಟು 160 ತೆಗೆಯಬೇಕು, 25ರ ನೀರಿನಿಂದ 105. ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ ಅಲ್ವಾ? ಆದರೂ ಬಿಸಿನೀರು ಹಿಂದೆಯೇ ಇದೆ. ಫ್ರೀಜರ್ −18ರಲ್ಲಿದ್ದರೆ, ಸುತ್ತಲಿಗಿಂತ ಎಷ್ಟು ಬಿಸಿಯೋ ಅಷ್ಟು ವೇಗವಾಗಿ ತಣಿಯುತ್ತದೆ ಅನ್ನುವ ನ್ಯೂಟನ್ನನ ಲೆಕ್ಕದಲ್ಲಿ ಸೊನ್ನೆ ಮುಟ್ಟಲು ತಣ್ಣೀರಿಗೆ ಒಂದು ಗಂಟೆ ಹಿಡಿದರೆ ಬಿಸಿನೀರಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ನನ್ನ ಗ್ರಾಫ್‌ನಲ್ಲೂ ಬಹುತೇಕ ಹಾಗೇ ಬಂತು. ಬಿಸಿನೀರು ಎಂದೂ ಸೊನ್ನೆಗೆ ಮೊದಲು ತಲುಪಲಿಲ್ಲ. ಒಂದು ಸಲವೂ ಇಲ್ಲ. ಆದರೂ ಐಸ್ ಆಗುವುದು ಮಾತ್ರ ಅದೇ ಮೊದಲು!

ಮುಚ್ಚಳ ಇಲ್ಲದಿದ್ದಾಗ ಆವಿಯ ಸಹಾಯವೂ ಇತ್ತು. ಒಂದು ಗ್ರಾಂ ನೀರು ಆವಿಯಾಗಿ ಹೋದರೆ 540ಕ್ಕೂ ಜಾಸ್ತಿ ಕ್ಯಾಲೊರಿ ಹೊತ್ತುಕೊಂಡು ಹೋಗುತ್ತದೆ, ಉಳಿದ ನೀರಿಗೆ ಭಾರ ಇಳಿದಂತೆ. ಚಿನ್ನದಂಗಡಿ ತಕ್ಕಡಿಯಂಥದ್ದು ನನ್ನ ಹತ್ತಿರ ಒಂದಿದೆ. ಪ್ರಯೋಗಕ್ಕೆ ಮೊದಲು, ಆಮೇಲೆ ತೂಗಿದರೆ ಬಿಸಿನೀರಿನ ಬೀಕರ್ ಐದಾರು ಗ್ರಾಂ ಕಳೆದುಕೊಂಡಿತ್ತು. ಅದಕ್ಕೆ ಎರಡಕ್ಕೂ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಅಂತರ ಕಡಿಮೆಯಾಯಿತು, ಆದರೂ ಕೆಂಪು ಚುಕ್ಕೆಯೇ ಕೂದಲೆಳೆಯಲ್ಲಿ ಮುಂದೆ.

ನೀಲಿಯ ಗ್ರಾಫ್ ನೋಡಿದರೆ ಸಂಗತಿ ಎದ್ದು ಕಾಣುತ್ತದೆ. ಅದು ಸೊನ್ನೆ ಮುಟ್ಟಿತು. ನಿಲ್ಲಲಿಲ್ಲ. −3, −6, −9, ಹಾಗೇ ಜಾರಿಕೊಂಡು −12ರವರೆಗೆ ಹೋಯಿತು. ಅಷ್ಟು ಹೊತ್ತೂ ಅದು ನೀರೇ. ಆಮೇಲೆ ಒಂದೇ ಏಟಿಗೆ ಗೆರೆ ಜಿಗಿದು ಸೊನ್ನೆಗೆ ಬಂತು. ಸೊನ್ನೆ ದಾಟಿ ಇಳಿದರೂ ನೀರು ನೀರಾಗಿಯೇ ಉಳಿಯುವ ಇದೇ ಸೂಪರ್‌ಕೂಲಿಂಗ್. ಬಸ್ ತುಂಬಿದೆ, ಎಂಜಿನ್ ಓಡುತ್ತಿದೆ, ಆದರೆ ಕಂಡಕ್ಟರ್ "ರೈಟ್" ಅನ್ನುವವರೆಗೆ ಡ್ರೈವರ್ ಗಾಡಿ ಎತ್ತುವುದಿಲ್ಲ, ಹಾಗೆ. ನೀರಿನ ಅಣುಗಳು ಐಸ್‌ನ ಜೋಡಣೆಗೆ ಬರಲು ಎಲ್ಲೋ ಒಂದು ಕಡೆ ಮೊದಲ ಹರಳು ಹುಟ್ಟಬೇಕು. ಧೂಳಿನ ಕಣವೋ, ಗಾಜಿನ ಮೇಲಿನ ಯಾವುದೋ ಜಾಗವೋ ಅದಕ್ಕೆ ನೆಲೆ ಕೊಡಬೇಕು. ಒಳ್ಳೆಯ ನೆಲೆ ಸಿಕ್ಕರೆ −3, −4ಕ್ಕೇ ಶುರು. ಸಿಗದಿದ್ದರೆ ಕಾಯುವುದು. ತೀರಾ ಶುದ್ಧವಾದ, ತೀರಾ ಸಣ್ಣ ಹನಿಗಳು −38ರ ಹತ್ತಿರದವರೆಗೂ ಕಾಯುತ್ತವೆ.

ಶುರುವಾದ ಮೇಲೆ ನಡೆಯುವುದು ಸೊಗಸು. −12ರಲ್ಲಿದ್ದ ನೀರು ಐಸ್ ಆಗುವಾಗ ಬಿಡುವ ಶಾಖವೇ ಅದನ್ನು ಸೊನ್ನೆಗೆ ಏರಿಸುತ್ತದೆ. 12 ಭಾಗಿಸು 80, ಅಂದರೆ ನೂರಕ್ಕೆ 15 ಭಾಗ ನೀರು ಕ್ಷಣದಲ್ಲಿ ಐಸ್, ಉಳಿದದ್ದು ಅದರ ನಡುವೆ ಸಿಕ್ಕಿಕೊಂಡ ನೀರು. ಫ್ರೀಜರ್ ಒಳಗೆ ಕ್ಯಾಮೆರಾ ಇಟ್ಟು ಇದನ್ನು ಹಿಡಿಯಬೇಕು ಅಂತ ಆಸೆ. ಇಎಸ್‌ಪಿ32 ಕ್ಯಾಮ್ ಒಂದು ಡ್ರಾಯರ್‌ನಲ್ಲಿ ಬಿದ್ದಿದೆ, ಲೆನ್ಸ್ ಮೇಲೆ ಮಂಜು ಕೂರದಂತೆ ಹಿಂದೆ ಒಂದು ಸಣ್ಣ ರೆಸಿಸ್ಟರ್ ಬಿಸಿ ಮಾಡುತ್ತಿರಬೇಕು... ಇರಲಿ, ಅದು ಆಮೇಲೆ.

ಮೊದಲು ಹೇಳಿದ ಸಮಬಲದ ಪರೀಕ್ಷೆ ಮಾಡಿದ್ದು ಈ ಗುಮಾನಿಯಿಂದಲೇ. ಎರಡಕ್ಕೂ ಒಂದೇ ನೀರು ಹಾಕಿದರೂ ಕೆಂಪು −4ರ ಸುತ್ತಮುತ್ತ ಶುರು, ನೀಲಿ −12ರ ಸುತ್ತಮುತ್ತ. ಆಮೇಲೆ ಅದಲು ಬದಲು: ಬಿಸಿನೀರು ನೀಲಿಗೆ, ತಣ್ಣೀರು ಕೆಂಪಿಗೆ. ತಣ್ಣೀರು ಎರಡು ಗಂಟೆಯಷ್ಟು ಮುಂಚೆ ಗೆದ್ದಿತು! ಸೆನ್ಸರ್ ಅದಲು ಬದಲು ಮಾಡಿದೆ. ಕೆಂಪೇ. ಇಟ್ಟ ಜಾಗ ಅದಲು ಬದಲು ಮಾಡಿದೆ. ಕೆಂಪೇ. ನೀರಿನ ಜಾತಕ ನೋಡದೆ ಕೆಂಪು ಬೀಕರ್ ತನ್ನ ಪಾಡಿಗೆ −4ಕ್ಕೆ "ರೈಟ್" ಅನ್ನುತ್ತಿದೆ. ಅದರ ಗಾಜಿನಲ್ಲಿ ಏನೋ ಇದೆ. ಕಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿಗೂ ಸಿಗಲಿಲ್ಲ. ಅಂದರೆ ಆ ಸೊಟ್ಟ ಸೆಟ್ ಕಳಿಸಿದ ಮಹಾನುಭಾವರಿಗೆ ಒಂದು ಥ್ಯಾಂಕ್ಸ್ ಹೇಳಬೇಕಾಗಿದೆ, ಹೇಳುವುದಿಲ್ಲ.

ನಾನೇ ಏನೋ ಕಂಡುಹಿಡಿದೆ ಅಂತ ಬೀಗುವಂತಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಜೇಮ್ಸ್ ಬ್ರೌನ್‌ರಿಡ್ಜ್ 2011ರಲ್ಲಿ ಇದನ್ನೇ ಹೇಳಿದ್ದಾರೆ. ಮುಚ್ಚಿದ ಸೀಸೆಗಳಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿ, ಬಿಸಿನೀರು ಗೆಲ್ಲುವುದು ತಣ್ಣೀರು ಜಾಸ್ತಿ ಸೂಪರ್‌ಕೂಲ್ ಆದಾಗ ಅಂತ ತೋರಿಸಿದರು. ಓದಿ ತಿಳಿಯುವುದು ಒಂದು. ನಿಮ್ಮದೇ ಫ್ರೀಜರ್‌ನಲ್ಲಿ, ತೆಂಗಿನತುರಿ ಡಬ್ಬಿಯ ಪಕ್ಕದಲ್ಲಿ ನಡೆದಾಗ ಆಗುವ ಖುಷಿಯೇ ಬೇರೆ.

ಹಾಗಿದ್ದರೆ ನ್ಯಾಯವಾದ ಪಂದ್ಯ ಹೇಗೆ ಮಾಡುವುದು? ಎರಡೂ ಬೀಕರ್‌ಗೂ ಒಂದೇ ಉಷ್ಣತೆಯಲ್ಲಿ "ರೈಟ್" ಹೇಳಿಸಬೇಕು. ನೀರು −1 ಮುಟ್ಟಿದ ತಕ್ಷಣ ಒಂದು ಚೂರು ಐಸ್ ತಾಗಿಸಿದರೆ ಸಾಕು. ಆದರೆ ಬಾಗಿಲು ತೆಗೆದರೆ ಬೆಂಗಳೂರಿನ ಗಾಳಿ ಒಳಗೆ. ಬಾಗಿಲು ತೆಗೆಯದೆ ಮಾಡಬೇಕು. ಇದು ನನ್ನ ಎಷ್ಟೋ ಸಂಜೆಗಳನ್ನು ತಿಂದ ಭಾಗ.

ಮೊದಲು ಹೇಳಿದಷ್ಟೇ ತಿರುಗುವ ಪುಟಾಣಿ ಸರ್ವೋ ಮೋಟರ್ ಫ್ರೀಜರ್ ಒಳಗೇ ಇಟ್ಟೆ. −18ರಲ್ಲಿ ಅದರ ಗ್ರೀಸ್ ಗಟ್ಟಿಯಾಗಿ ಒಂದೆರಡು ಸಲ ಗರ್ ಅಂದು ಸುಮ್ಮನಾಯಿತು. ಸರಿ, ಸರ್ವೋ ಹೊರಗೆ, ಬಾಗಿಲ ಸಂದಿಯಲ್ಲಿ ಮೀನು ಹಿಡಿಯುವ ತಂಗೂಸಿ. ಒಳಗೆ ಐಸ್‌ಕ್ರೀಮ್ ಕಡ್ಡಿಯ ಒಂದು ತೋಳು, ಪಿನ್ನಿನ ಕೀಲು, ತುದಿಗೆ ಗಿಡ್ಡ ತಾಮ್ರದ ತಂತಿ. ತಂತಿಯ ತುದಿಯನ್ನು ನೀರಲ್ಲಿ ಅದ್ದಿ ಇಟ್ಟರೆ ಅಲ್ಲೊಂದು ಐಸ್ ಹನಿ ಕೂತಿರುತ್ತದೆ. ತಂಗೂಸಿ ಸಡಿಲಿಸಿದರೆ ತೋಳು ಬಗ್ಗಿ, ಮುಚ್ಚಳದ ತೂತಿನಲ್ಲಿ ತುದಿ ನೀರಿಗೆ ತಾಗುತ್ತದೆ. ಹೇಳಲು ಸುಲಭ. ಬಿಸಿನೀರಿನ ಬೀಕರ್‌ನ ತೂತಿನಿಂದ ಆವಿ ಬಂದು ಕಡ್ಡಿ, ಕೀಲು, ತಂಗೂಸಿ ಎಲ್ಲಕ್ಕೂ ಮಂಜು ಮೆತ್ತಿ ತೋಳು ಅಲ್ಲೇ ಅಂಟಿಕೊಳ್ಳುತ್ತಿತ್ತು. ತೋಳನ್ನು ಉದ್ದ ಮಾಡಿ ಕೀಲನ್ನು ಬೀಕರ್‌ನಿಂದ ದೂರಕ್ಕೆ ಸರಿಸಿ, ತೂತಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ರೆಪ್ಪೆ ಇಟ್ಟ ಮೇಲೆ ಸರಿಹೋಯಿತು. ತುದಿ ಬರುವಾಗ ರೆಪ್ಪೆ ತಳ್ಳಿಕೊಂಡು ಹೋಗುತ್ತದೆ. ಮೊದಲ ಸಲ ಅದು ಕೆಲಸ ಮಾಡಿದಾಗ, −1ಕ್ಕೆ ಇಳಿದ ಗೆರೆ ಟಕ್ ಅಂತ ಸೊನ್ನೆಗೆ ಏರಿದ್ದು ಕಂಡು ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಕ್ರಿಕೆಟ್ ಇದೆಯಾ ಅಂತ ಕೇಳಿದರು.

ಈ ಯಂತ್ರ ಬಂದ ಮೇಲೆ ಫಲಿತಾಂಶ ಬೋರು ಹೊಡೆಸುವಷ್ಟು ಸ್ಥಿರ. ತಣ್ಣೀರು ಮೊದಲು. ಬೀಕರ್ ಬದಲಿಸಿದರೂ ತಣ್ಣೀರು, ಸೆನ್ಸರ್ ಬದಲಿಸಿದರೂ ತಣ್ಣೀರು. ಅಂತರ ಒಂದು ಗಂಟೆಗೆ ತುಸು ಕಡಿಮೆ, ನ್ಯೂಟನ್ ಹೇಳಿದ ಹತ್ತಿರವೇ.

ಸೆನ್ಸರ್ ಎಲ್ಲಿಡುತ್ತೀರಿ ಅನ್ನುವುದನ್ನೂ ಹಗುರವಾಗಿ ತಗೊಳ್ಳಬೇಡಿ. ನೀರು 4 ಡಿಗ್ರಿಯಲ್ಲಿ ಅತಿ ಭಾರ. ಹಾಗಾಗಿ ತಳದಲ್ಲಿರುವ ಸೆನ್ಸರ್ 4ರ ಹತ್ತಿರ ಕೂತು ಆರಾಮ ತಗೊಳ್ಳುತ್ತಿರುವಾಗ ಮೇಲಿನದು ಸೊನ್ನೆಗೆ ಹೋಗಿರುತ್ತದೆ. ಬ್ರಿಟನ್ನಿನ ಬರ್ರಿಜ್ ಮತ್ತು ಲಿಂಡನ್ 2016ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿ, ಅಳತೆಯ ಜಾಗ ಸೆಂಟಿಮೀಟರ್‌ನಷ್ಟು ಮೇಲೆ ಕೆಳಗೆ ಆದರೂ ಎಂಪೆಂಬಾ ಪರಿಣಾಮ, ಅಂದರೆ ಬಿಸಿನೀರೇ ಮೊದಲು ತಣಿಯುವುದು, ಇದ್ದಂತೆ ಕಾಣಬಹುದು ಅಂದರು. ನಾನು ಎರಡೂ ಸೆನ್ಸರ್‌ಗೆ ಮುಚ್ಚಳದಲ್ಲೇ ಎತ್ತರ ಕಟ್ಟಿಹಾಕಿದ್ದೇನೆ, ನೀರಿನ ನಟ್ಟನಡುವೆ. ಇನ್ನು ಫ್ರಾಸ್ಟ್-ಫ್ರೀ ಫ್ರಿಜ್ ಇರುವವರು ಗಮನಿಸಿ: ಆಗಾಗ ಅದರ ಹೀಟರ್ ಓಡಿ ಒಳಗಿನ ಮಂಜು ಕರಗಿಸುತ್ತದೆ. ಗ್ರಾಫ್‌ನಲ್ಲಿ ಒಂಟೆ ಡುಬ್ಬದಂಥದ್ದು ಕಂಡರೆ ಅದೇ. ಆ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಗಂತ ಎಂಪೆಂಬಾ ಹೇಳಿದ್ದು ಸುಳ್ಳು ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಆ ಹುಡುಗ ಕಂಡದ್ದನ್ನು ಕಂಡ ಹಾಗೆ ಹೇಳಿದ. ಅವನದು ಸಕ್ಕರೆ ಹಾಕಿದ ಹಾಲು, ಮುಚ್ಚಳ ಇತ್ತೋ ಇಲ್ಲವೋ, ಕೆಳಗೆ ಮಂಜಿನ ಹಾಸಿತ್ತೋ ಏನೋ. ಹಳೇ ಕಾಲದ ಫ್ರೀಜರ್‌ನಲ್ಲಿ ಬಿಸಿ ಪಾತ್ರೆ ಇಟ್ಟರೆ ಕೆಳಗಿನ ಮಂಜು ಕರಗಿ ಪಾತ್ರೆ ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ. ತಣ್ಣನೆಯ ಪಾತ್ರೆ ಮಂಜಿನ ಮೆತ್ತೆಯ ಮೇಲೇ ಕೂತಿರುತ್ತದೆ, ಮಂಜಿನಲ್ಲಿ ಗಾಳಿ ಜಾಸ್ತಿ, ಶಾಖ ಬೇಗ ಹೋಗುವುದಿಲ್ಲ. ಅಲ್ಲಿ ಬಿಸಿಯದು ನಿಜವಾಗಿಯೇ ಗೆಲ್ಲಬಹುದು. ನೀರನ್ನು ಬಿಟ್ಟರೆ, ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್ 2020ರಲ್ಲಿ ನೀರಿನಲ್ಲಿ ತೇಲುವ ಒಂದು ಸೂಕ್ಷ್ಮ ಮಣಿಯನ್ನು ಲೇಸರ್‌ನಿಂದ ಆಡಿಸಿ, ಬಿಸಿ ಸ್ಥಿತಿಯಿಂದ ಹೊರಟದ್ದು ಬೆಚ್ಚನೆಯ ಸ್ಥಿತಿಯಿಂದ ಹೊರಟದ್ದಕ್ಕಿಂತ ಬೇಗ ತಣಿಯುವುದನ್ನು ತೋರಿಸಿದ್ದಾರೆ. ಆ ಮಟ್ಟದ ಲೇಸರ್ ಎಸ್‌ಪಿ ರೋಡ್‌ನಲ್ಲಿ ಕೇಳಿದರೆ ಬೆಕ್ಕು ಆಡಿಸುವ ಪಾಯಿಂಟರ್ ಕೊಡುತ್ತಾರೆ, ಆದ್ದರಿಂದ ಆ ಕಡೆ ನಾನಿಲ್ಲ.

ಮುಂದಿನ ಪ್ರಾಜೆಕ್ಟ್ ಇದರ ಹೊಟ್ಟೆಯಿಂದಲೇ ಹುಟ್ಟಿದೆ. ನೀಲಿ ಬೀಕರ್‌ಗೆ ಒಂದು ಚಿಟಿಕೆ ಹೂಕುಂಡದ ಕೆಮ್ಮಣ್ಣು ಹಾಕಿ ನೋಡಿದೆ. −12ರವರೆಗೆ ಹಟ ಹಿಡಿಯುತ್ತಿದ್ದದ್ದು −6ಕ್ಕೇ ಐಸ್! ಮಣ್ಣು ಇಷ್ಟು ಮಾಡುತ್ತದೆ ಅಂದರೆ ಬೇರೆ ಏನೇನು ಮಾಡೀತು? ಎಲೆಗಳ ಮೇಲಿರುವ ಸುಡೊಮೊನಾಸ್ ಸಿರಿಂಜಿ ಎಂಬ ಬ್ಯಾಕ್ಟೀರಿಯಾ −2ರ ಹತ್ತಿರವೇ ಐಸ್ ಶುರುಮಾಡಿಸುತ್ತದೆ. ಅದರಿಂದ ತಯಾರಿಸಿದ ಪುಡಿಯನ್ನು ಸ್ಕೀಯಿಂಗ್ ಜಾಗಗಳಲ್ಲಿ ಕೃತಕ ಹಿಮಕ್ಕೆ ಬಳಸುತ್ತಾರೆ. ಸಿಲ್ವರ್ ಅಯೊಡೈಡ್ ಈ ಕೆಲಸಕ್ಕೆ ಬರುತ್ತದೆ ಅಂತ ಬರ್ನಾರ್ಡ್ ವಾನೆಗಟ್ 1946ರಲ್ಲಿ ಕಂಡುಕೊಂಡರು. ಅದರ ಹರಳಿನ ಜೋಡಣೆ ಐಸ್‌ನದಕ್ಕೆ ಹತ್ತಿರ. ಮೋಡ ಬಿತ್ತನೆಯಲ್ಲಿ ಇದನ್ನೇ ಹೆಚ್ಚಾಗಿ ಬಳಸುತ್ತಾರೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ "ವರ್ಷಧಾರೆ" ಅಂತ ವಿಮಾನ ಹಾರಿಸಿದ್ದು ನೆನಪಿದೆಯಲ್ಲ? ಮೇಲೆ ಮೋಡದಲ್ಲಿರುವ ಸೂಪರ್‌ಕೂಲ್ ಹನಿಗಳಿಗೆ ಕಂಡಕ್ಟರ್ ಕಳಿಸುವ ಕೆಲಸ ಅದು.

ಪ್ಲಾನ್ ಹೀಗಿದೆ. ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಎರಡು ಒಂದರ ಮೇಲೊಂದು, ಕೆಳಗೆ ಹಳೇ ಕಂಪ್ಯೂಟರಿನ ಸಿಪಿಯು ಕೂಲರ್, ಮೇಲೆ ವ್ಯಾಸಲೀನ್ ಸವರಿದ ಅಲ್ಯೂಮಿನಿಯಂ ತಗಡು. ಅದರ ಮೇಲೆ ಸಾಲಾಗಿ ಸಣ್ಣ ಹನಿಗಳು: ಕೆಮ್ಮಣ್ಣಿನ ನೀರು, ರಾಗಿ ಎಲೆ ತೊಳೆದ ನೀರು, ವಿಭೂತಿ ನೀರು, ಆರ್‌ಒ ನೀರು. ತಗಡನ್ನು ನಿಧಾನಕ್ಕೆ ತಣಿಸುತ್ತಾ ಮೇಲಿಂದ ಕ್ಯಾಮೆರಾದಲ್ಲಿ ನೋಡುವುದು. ಐಸ್ ಆದ ಹನಿ ತಟ್ಟನೆ ಬೆಳ್ಳಗಾಗುತ್ತದೆ, ಕೋಡ್‌ಗೆ ಹಿಡಿಯುವುದು ಕಷ್ಟವಿಲ್ಲ. ಒಂದು ಬೀಕರ್‌ಗೆ ಮೂರು ಗಂಟೆ ಕಾಯುವ ಬದಲು ಒಂದೇ ಓಟದಲ್ಲಿ ಹತ್ತಾರು ಹನಿಗಳ ಲೆಕ್ಕ ಸಿಗುತ್ತದೆ. ಕೆಂಪು ಬೀಕರ್‌ನ ಗುಟ್ಟು ಗಾಜಿನಲ್ಲಿದೆಯಾ, ಅದಕ್ಕೆ ಅಂಟಿದ ಯಾವುದಾದರೂ ಧೂಳಿನಲ್ಲಿದೆಯಾ ಅನ್ನುವುದನ್ನೂ ಅದರಲ್ಲೇ ನೋಡಬೇಕು. ಒಳಗೆ ಉಜ್ಜಿ ತೊಳೆದ ನೀರಿನ ಹನಿಯೂ −4ಕ್ಕೆ ಬೆಳ್ಳಗಾದರೆ ಧೂಳು, ಇಲ್ಲದಿದ್ದರೆ ಗಾಜು.

ಪೆಲ್ಟಿಯರ್‌ಗೆ ಆರ್ಡರ್ ಹಾಕಿ ಆಗಿದೆ. "ನಾಳೆ ತಲುಪುತ್ತದೆ" ಅಂತ ಆ್ಯಪ್ ದಿನಾ ಹೇಳುತ್ತಿದೆ. ಅಷ್ಟರಲ್ಲಿ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮಂಜು ಕಟ್ಟುವ ಹಳೇ ಸಿಂಗಲ್ ಡೋರ್ ಫ್ರಿಜ್ ಇದ್ದರೆ, ಥರ್ಮೋಕೋಲ್ ಹಾಕದೆ, ಸ್ಟೀಲ್ ಲೋಟವನ್ನು ನೇರ ಮಂಜಿನ ಮೇಲಿಟ್ಟು ಮಾಡಿ ನೋಡಿ. ಲೋಟ ಅದಲು ಬದಲು ಮಾಡಿದ ಗ್ರಾಫ್ ಕೂಡ ಕಳಿಸಿ. ಅದಿಲ್ಲದೆ ಬರೀ "ನಮ್ಮನೇಲಿ ಬಿಸಿನೀರೇ ಗೆದ್ದಿತು" ಅಂದರೆ ನಾನು ನಂಬುವುದಿಲ್ಲ.